ತಿಥಿ ನೋಡಿ ಸೇರುವ ಸಂತೆ

ಥಾಯ್ಲೆಂಡ್ ಪ್ರವಾಸಕ್ಕೆ ಹೊರಟ ಓದುಗರು ನನಗೆ ಬರೆಯುವ ಪತ್ರಗಳಲ್ಲಿ ಒಂದು ಪ್ರಶ್ನೆ ತಪ್ಪುವುದೇ ಇಲ್ಲ: ‘ಆ ತೇಲುವ ಮಾರುಕಟ್ಟೆಗೆ ಹೋಗಬೇಕಾ, ಬೇಡವಾ?’ ಹೋಗಿ ಬಂದವರ ಮಾತು ಕೇಳಿಯೇ ಅವರಿಗೆ ಗೊಂದಲವಾಗಿರುತ್ತದೆ. ಒಬ್ಬರು ಮೊಬೈಲಿನ ತುಂಬ ಫೋಟೊ ತೋರಿಸಿ ಹೊಗಳಿರುತ್ತಾರೆ. ಇನ್ನೊಬ್ಬರು ‘ಅಲ್ಲೇನಿದೆ ಮಣ್ಣು, ಫಾರಿನ್ನಿನವರಿಗೆ ಅಂತ ಮಾಡಿಟ್ಟಿದ್ದು, ದುಡ್ಡು ಕೀಳ್ತಾರೆ ಅಷ್ಟೇ’ ಎಂದಿರುತ್ತಾರೆ. ನಾನು ಎರಡು ಸಲ ಹೋಗಿದ್ದೇನೆ. ಮೊದಲ ಸಲ ಬೇಸರಪಟ್ಟುಕೊಂಡು ಬಂದೆ. ಎರಡನೆಯ ಸಲ ಎದ್ದು ಬರಲು ಮನಸ್ಸಾಗಲಿಲ್ಲ. ಹಾಗಾಗಿ ಇಬ್ಬರ ಮಾತೂ ನನಗೆ ಅರ್ಥವಾಗುತ್ತದೆ.

ಮೊದಲ ಸಲ ಹೋಗಿದ್ದು ಎಲ್ಲರೂ ಹೋಗುವ ದಮ್ನೊನ್ ಸದುವಕ್‌ಗೆ. ಬ್ಯಾಂಕಾಕಿನಿಂದ ನೈರುತ್ಯಕ್ಕೆ ಸುಮಾರು 100 ಕಿಲೋಮೀಟರ್ ದೂರದಲ್ಲಿ, ರಾಚಬುರಿ ಪ್ರಾಂತ್ಯದಲ್ಲಿದೆ. ಹೋಟೆಲಿನ ಬಾಗಿಲಿಗೇ ವ್ಯಾನ್ ಬಂತು. ಇಳಿಸಿದ್ದು ಮಾತ್ರ ಮಾರುಕಟ್ಟೆಯ ಹತ್ತಿರ ಅಲ್ಲ, ಅದಕ್ಕೂ ಮೊದಲೇ ಸಿಗುವ ಒಂದು ಖಾಸಗಿ ದೋಣಿಗಟ್ಟೆಯ ಹತ್ತಿರ. ದೋಣಿ ಹತ್ತದೆ ಮುಂದೆ ಹೋಗಲು ದಾರಿಯೇ ಇಲ್ಲ ಎಂದರು. ಒಂದು ಗಂಟೆಯ ಸವಾರಿಗೆ ತಲೆಗೆ 2000 ಬಾತ್. ಬಾತ್ ಒಂದಕ್ಕೆ ಎರಡೂವರೆ ರೂಪಾಯಿ ಆಸುಪಾಸು ಎಂದು ಹಿಡಿದರೆ ಐದು ಸಾವಿರ ರೂಪಾಯಿ. ಚೌಕಾಸಿ ಮಾಡಿ ಅರ್ಧಕ್ಕೆ ಇಳಿಸಿದೆವು, ಆದರೂ ಮನಸ್ಸಿಗೆ ಕಿರಿಕಿರಿ. ಕಾಲುವೆಗೆ ಇಳಿದಾಗ ಒಂಬತ್ತೂವರೆ ದಾಟಿತ್ತು. ಎಂಜಿನ್ ಕಟ್ಟಿದ ಉದ್ದಬಾಲದ ದೋಣಿಗಳು ಒಂದಕ್ಕೊಂದು ತಾಗಿ ನಿಂತು ಬಿಟ್ಟಿದ್ದವು. ಡೀಸೆಲ್ ಹೊಗೆ, ಮರದ ಆನೆ, ಫ್ರಿಜ್‌ಗೆ ಅಂಟಿಸುವ ಮ್ಯಾಗ್ನೆಟ್, ಹೂವಿನ ಚಿತ್ತಾರದ ಪ್ಯಾಂಟು. ಎರಡೂ ದಡದಿಂದ ಕೊಕ್ಕೆ ಕೋಲು ಚಾಚಿ ನಮ್ಮ ದೋಣಿಯನ್ನು ಎಳೆದುಕೊಂಡು ವ್ಯಾಪಾರಕ್ಕೆ ಕರೆಯುತ್ತಿದ್ದರು. ಹತ್ತು ಗಂಟೆಯ ಬಿಸಿಲಿನಲ್ಲಿ ಗಂಟೆ ಕಳೆದರೆ ಸಾಕಪ್ಪಾ ಅನ್ನಿಸಿತ್ತು.

ನಾನು ತೇಲುತ್ತಿದ್ದ ಆ ಕಾಲುವೆ ಏನೆಂಬುದೇ ನನಗೆ ಅಂದು ಗೊತ್ತಿರಲಿಲ್ಲ. ಊರಿಗೆ ಬಂದ ಮೇಲೆ ಓದಿಕೊಂಡೆ. ಅದು ನದಿಯ ಕವಲಲ್ಲ, ಕೈಯಿಂದ ತೋಡಿದ ಕಾಲುವೆ. ನಾಲ್ಕನೆಯ ರಾಮ ಎಂದು ಕರೆಸಿಕೊಂಡ ದೊರೆ ಮೋಂಗ್‌ಕುಟ್ 1866ರಲ್ಲಿ ಆಜ್ಞೆ ಹೊರಡಿಸಿದ, 1868ರಲ್ಲಿ ಕೆಲಸ ಮುಗಿಯಿತು. ಮೇ ಕ್ಲಾಂಗ್ ನದಿಯನ್ನೂ ಥಾ ಚಿನ್ ನದಿಯನ್ನೂ ಜೋಡಿಸುವ, ಮೂವತ್ತು ಕಿಲೋಮೀಟರಿಗೂ ಉದ್ದದ ನೇರ ಗೆರೆ. ದಮ್ನೊನ್ ಸದುವಕ್ ಎಂದರೆ ‘ಸಲೀಸಾದ ಸಂಚಾರ’ ಎಂದರ್ಥ. ಅದೇ ಕಾಲಕ್ಕೆ ಥಾ ಚಿನ್ ನದಿಯಿಂದ ಬ್ಯಾಂಕಾಕಿನ ಚಾವೊ ಫ್ರಯಾ ಕಡೆಗೆ ಇನ್ನೊಂದು ಕಾಲುವೆಯನ್ನೂ ತೋಡಿಸಿದರು. ಅಲ್ಲಿಗೆ ಪಶ್ಚಿಮದ ತೋಟಗಾರರಿಗೆ ರಾಜಧಾನಿಯವರೆಗೆ ನೀರಿನ ಹೆದ್ದಾರಿ ಸಿಕ್ಕಂತಾಯಿತು.

ಆ ಹೆದ್ದಾರಿಯ ಅಕ್ಕಪಕ್ಕದಲ್ಲಿ ನಡೆದದ್ದೇ ನಿಜವಾದ ಕತೆ. ಜನ ಬಂದು ನೆಲೆಸಿದರು, ಅವರಲ್ಲಿ ಚೀನಾದಿಂದ ವಲಸೆ ಬಂದವರೂ ಬಹಳ. ದೊಡ್ಡ ಕಾಲುವೆಯಿಂದ ತಂತಮ್ಮ ಜಮೀನಿಗೆ ಸಣ್ಣ ಸಣ್ಣ ಕಾಲುವೆ ಕಡಿದುಕೊಂಡರು. ಅಲ್ಲಿನ ನೆಲ ಜವುಗು. ಅದಕ್ಕೆ ಉದ್ದುದ್ದ ಗುಂಡಿ ತೋಡಿ, ಆ ಮಣ್ಣನ್ನು ಪಕ್ಕಕ್ಕೆ ಏರಿಸಿ ಎತ್ತರದ ಪಟ್ಟೆ ಮಾಡಿದರು. ಪಟ್ಟೆಯ ಮೇಲೆ ತೆಂಗು, ಚಕ್ಕೋತ, ಪನ್ನೇರಳೆ, ಮೆಣಸಿನಗಿಡ. ಎರಡು ಪಟ್ಟೆಗಳ ನಡುವೆ ಸದಾ ನೀರು. ಮಲೆನಾಡಿನ ಅಡಿಕೆ ತೋಟದ ಬಸಿಗಾಲುವೆ ನೋಡಿದವರಿಗೆ ಇದರ ರೂಪ ತಕ್ಷಣ ಕಣ್ಣಿಗೆ ಕಟ್ಟುತ್ತದೆ. ಆದರೆ ನಮ್ಮ ಬಸಿಗಾಲುವೆ ನೀರನ್ನು ಹೊರಗೆ ಕಳಿಸಲು ಇರುವುದು. ಅವರದು ನೀರನ್ನು ಉಳಿಸಿಕೊಳ್ಳಲೂ, ಕೊಯ್ದ ಹಣ್ಣನ್ನು ಪುಟ್ಟ ದೋಣಿಗೆ ತುಂಬಿ ಹಾಗೇ ಹುಟ್ಟು ಹಾಕಿಕೊಂಡು ಹೊರಡಲೂ ಆಗುತ್ತದೆ. ಒಬ್ಬರ ದೋಣಿಯಲ್ಲಿ ಬಾಳೆಗೊನೆ, ಇನ್ನೊಬ್ಬರದರಲ್ಲಿ ಅಕ್ಕಿ, ಮತ್ತೊಬ್ಬರದರಲ್ಲಿ ಉಪ್ಪು, ಒಣಮೀನು. ಕಾಲುವೆಗಳು ಕೂಡುವಲ್ಲಿ ದೋಣಿಗಳೂ ಕೂಡಿದವು. ಯಾರೂ ಕಟ್ಟಿಸಿದ ಮಾರುಕಟ್ಟೆಯಲ್ಲ ಅದು. ದೋಣಿ ನಡೆಸುವವರು ಹೆಚ್ಚಾಗಿ ಹೆಂಗಸರು, ಇವತ್ತಿಗೂ ಹಾಗೆಯೇ.

ಈ ಊರಿನ ಒಂದು ಪ್ರಸಂಗ ನನಗೆ ಬಹಳ ಇಷ್ಟ. ಐದನೆಯ ರಾಮ, ದೊರೆ ಚೂಲಾಲೊಂಗ್‌ಕಾರ್ನ್, 1904ರಲ್ಲಿ ವೇಷ ಮರೆಸಿಕೊಂಡು ಈ ಕಾಲುವೆಗಳಲ್ಲಿ ಸುತ್ತಲು ಬಂದಿದ್ದ. ದಡದ ಒಂದು ಮನೆಯ ಹೆಂಗಸು ಯಾರೋ ಅಧಿಕಾರಿಗಳು ಬಂದಿದ್ದಾರೆಂದುಕೊಂಡು ಊಟಕ್ಕೆ ಕರೆದಳು. ಈರುಳ್ಳಿ, ಬೆಳ್ಳುಳ್ಳಿ ಬೆಳೆಯುವ ಮನೆ. ಊಟ ನಡೆಯುವಾಗ ಅವಳ ಮಗ ಅತಿಥಿಯ ಮುಖ ನೋಡುತ್ತಾನೆ, ಪೂಜೆಯ ಜಾಗದಲ್ಲಿಟ್ಟಿದ್ದ ದೊರೆಯ ಪಟ ನೋಡುತ್ತಾನೆ, ಮತ್ತೆ ಅತಿಥಿಯ ಮುಖ ನೋಡುತ್ತಾನೆ. ಅಲ್ಲಿಗೆ ಗುಟ್ಟು ರಟ್ಟಾಯಿತು. ಆ ಹುಡುಗನಿಗೆ ಮುಂದೆ ಅರಮನೆಯ ಬಿರುದೂ ಸಿಕ್ಕಿತು. ದಮ್ನೊನ್ ಸದುವಕ್‌ಗೆ ಪ್ರವಾಸಿಗರು ಬರಲು ಶುರುವಾಗಿದ್ದು ಈಚೆಗೆ ಎಂದು ಹೇಳುವವರಿಗೆ ನಾನು ಇದನ್ನು ಹೇಳುತ್ತೇನೆ. ನೋಡಲೆಂದು ಬಂದ ಪರಸ್ಥಳದವರಿಗೆ ಎಲೆ ಹಾಕಿ ಬಡಿಸುವುದು ಆ ದಡಗಳಿಗೆ ನೂರಿಪ್ಪತ್ತು ವರ್ಷದ ಹಿಂದೆಯೇ ಗೊತ್ತಿತ್ತು.

ಆಮೇಲೆ ರಸ್ತೆ ಬಂತು. ಬ್ಯಾಂಕಾಕಿನಲ್ಲಂತೂ ಎಷ್ಟೋ ಕಾಲುವೆಗಳನ್ನು ಮುಚ್ಚಿ ಅವುಗಳ ಮೇಲೇ ರಸ್ತೆ ಹಾಕಿದರು. ಕಳೆದ ಶತಮಾನದ ಅರುವತ್ತರ ದಶಕದ ಹೊತ್ತಿಗೆ ಹಳ್ಳಿಗಳಿಗೂ ಲಾರಿ ಬರತೊಡಗಿತು. ಲಾರಿ ತೋಟದ ಬಾಗಿಲಿಗೇ ಬಂದು ಹಣ್ಣು ಎತ್ತಿಕೊಂಡು ಹೋದರೆ ನಸುಕಿನಲ್ಲೆದ್ದು ಹುಟ್ಟು ಹಾಕುವವರು ಯಾರು? ಎಪ್ಪತ್ತರ ದಶಕದಲ್ಲಿ ಪ್ರವಾಸೋದ್ಯಮ ದಮ್ನೊನ್ ಸದುವಕ್‌ನ ಕೈ ಹಿಡಿಯದಿದ್ದರೆ ಆ ದೋಣಿಗಳು ಕೊಟ್ಟಿಗೆ ಸೇರಿ ಗೆದ್ದಲು ಹಿಡಿದು ಹೋಗುತ್ತಿದ್ದವು. ಅದಕ್ಕೇ ಅದನ್ನು ‘ಸುಳ್ಳು ಮಾರುಕಟ್ಟೆ’ ಎನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ಗಿರಾಕಿ ಬದಲಾಗಿದ್ದಾನೆ, ನಿಜ. ಆದರೆ ಆ ದೋಣಿಯಲ್ಲಿ ಮಂಡಿ ಮಡಚಿ ಕೂತು, ಮುಂದೆ ಇದ್ದಿಲ ಒಲೆ, ಹಿಂದೆ ನೀರಿನ ಕೊಡ ಇಟ್ಟುಕೊಂಡು ನೂಡಲ್ಸ್ ಬೇಯಿಸುವಾಕೆಯ ದುಡಿಮೆ ಸುಳ್ಳಲ್ಲ. ಸುಲಿಗೆ ಇರುವುದು ದೋಣಿಗಟ್ಟೆಯ ದಲ್ಲಾಳಿತನದಲ್ಲಿ. ಆಕೆಯ ಬಟ್ಟಲಿನಲ್ಲಲ್ಲ.

ಎರಡನೆಯ ಸಲ ಹೊರಟಾಗ ದಾವಣಗೆರೆಯಿಂದ ಅಕ್ಕ ಜೊತೆಗಿದ್ದಳು. ಈ ಬಾರಿ ನಾನು ನೋಡಬೇಕೆಂದುಕೊಂಡದ್ದು ಥಾ ಖಾ. ದಮ್ನೊನ್ ಸದುವಕ್‌ನಿಂದ ಹೆಚ್ಚು ದೂರವಿಲ್ಲದ, ಪಕ್ಕದ ಸಮುತ್ ಸೊಂಗ್‌ಖ್ರಾಮ್ ಪ್ರಾಂತ್ಯದ ಹಳ್ಳಿ. ಆ ಪ್ರಾಂತ್ಯದ ಹೆಸರನ್ನು ಬಿಡಿಸಿ ನೋಡಿ, ಸಮುದ್ರ ಮತ್ತು ಸಂಗ್ರಾಮ ಎರಡೂ ಸಿಗುತ್ತವೆ. ಥಾ ಖಾದ ಸಂತೆ ಸೇರುವ ದಿನಗಳನ್ನು ಹೇಳಿದಾಗ ಅಕ್ಕ ‘ಇನ್ನೊಂದ್ಸಲ ಹೇಳು’ ಎಂದಳು. ಚಂದ್ರನ ಲೆಕ್ಕದಲ್ಲಿ ಎರಡು, ಏಳು, ಹನ್ನೆರಡು. ಶುಕ್ಲಪಕ್ಷದಲ್ಲಿ ಮೂರು, ಕೃಷ್ಣಪಕ್ಷದಲ್ಲಿ ಮೂರು. ಅಂದರೆ ಬಿದಿಗೆ, ಸಪ್ತಮಿ, ದ್ವಾದಶಿ! ಈಗ ಪ್ರವಾಸಿಗರಿಗಾಗಿ ಶನಿವಾರ, ಭಾನುವಾರವೂ ದೋಣಿಗಳು ಬರುತ್ತವೆ. ಆದರೆ ಸುತ್ತಲಿನ ತೋಟದವರು ತಮಗಾಗಿ ಸೇರುವ ಸಂತೆ ತಿಥಿಯ ಲೆಕ್ಕದ್ದೇ. ಹತ್ತಿರದ ಬಾಂಗ್ ನೋಯಿಯಲ್ಲಿ ಅದು ಮೂರು, ಎಂಟು, ಹದಿಮೂರು. ನಮ್ಮಲ್ಲಿ ಒಂದೂರಿಗೆ ಮಂಗಳವಾರದ ಸಂತೆ, ಪಕ್ಕದೂರಿಗೆ ಬುಧವಾರದ್ದು ಇದ್ದ ಹಾಗೆ, ಒಂದೇ ದೋಣಿ ಇಂದು ಇಲ್ಲಿ, ನಾಳೆ ಅಲ್ಲಿ ಹೋಗಬಹುದು.

ವಾರ ಬಿಟ್ಟು ತಿಥಿ ಹಿಡಿದದ್ದೇಕೆ ಎಂದರೆ ಅದಕ್ಕೆ ಉತ್ತರ ಕಾಲುವೆಯಲ್ಲೇ ಇದೆ. ಮೇ ಕ್ಲಾಂಗ್ ನದಿ ಅಲ್ಲಿಂದ ಸ್ವಲ್ಪ ಮುಂದೆಯೇ ಥಾಯ್ಲೆಂಡ್ ಕೊಲ್ಲಿಯನ್ನು ಸೇರುತ್ತದೆ. ಸಮುದ್ರದ ಉಬ್ಬರವಿಳಿತ ಕಾಲುವೆಗಳ ಒಳಗೂ ಕೈಯಾಡಿಸುತ್ತದೆ. ನೀರು ಏರುವ, ಇಳಿಯುವ ಹೊತ್ತು ದಿನದಿನಕ್ಕೂ ಸರಿಯುತ್ತ ಹೋಗುತ್ತದೆ, ಚಂದ್ರನ ಜೊತೆಗೆ. ನೀರಿಳಿದರೆ ಸಣ್ಣ ಕಾಲುವೆಯಲ್ಲಿ ದೋಣಿಯ ತಳ ಕೆಸರಿಗೆ ತಾಗುತ್ತದೆ. ಅಂಥ ನೆಲದಲ್ಲಿ ಬದುಕುವವರಿಗೆ ಸೋಮವಾರ, ಮಂಗಳವಾರ ಏನನ್ನೂ ತಿಳಿಸುವುದಿಲ್ಲ, ತಿಥಿ ತಿಳಿಸುತ್ತದೆ. ಥಾಯ್ ಭಾಷೆಯಲ್ಲಿ ನೀರು ಏರುವುದಕ್ಕೂ ಚಂದ್ರ ಬೆಳೆಯುವುದಕ್ಕೂ ಇರುವ ಮಾತು ಒಂದೇ, ‘ಖುನ್’. ‘ನೀರು ಏರಿದಾಗ ಬೇಗ ಮೊಗೆದುಕೋ’ ಎಂಬ ಗಾದೆಯೂ ಅವರಲ್ಲಿದೆ. ಬಯಲುಸೀಮೆಯ ನಾವು ‘ಗಾಳಿ ಬಂದಾಗ ತೂರಿಕೋ’ ಎನ್ನುತ್ತೇವಲ್ಲ, ಅದೇ ಮಾತು, ಕಣದಿಂದ ಕಾಲುವೆಗೆ ಇಳಿದಿದೆ. ಅವರ ತಿಂಗಳೂ ನಮ್ಮ ಚಾಂದ್ರಮಾನದಂತೆ ಅಮಾವಾಸ್ಯೆಗೇ ಮುಗಿಯುತ್ತದೆ. ಹಾಗೆಂದು ಮನೆಯ ಪಂಚಾಂಗವನ್ನೇ ನಂಬಿ ಟಿಕೆಟ್ ಮಾಡಿಸಬೇಡಿ. ಅವರ ಎಣಿಕೆಯ ಕ್ರಮ ಸ್ವಲ್ಪ ಬೇರೆ, ಒಂದು ದಿನ ಹೆಚ್ಚುಕಡಿಮೆ ಬೀಳುತ್ತದೆ. ಥಾಯ್ ಕ್ಯಾಲೆಂಡರಿನಲ್ಲಿ ಚಂದ್ರನ ದಿನವನ್ನೂ ಅಚ್ಚು ಹಾಕಿರುತ್ತಾರೆ, ಹೋಟೆಲಿನವರನ್ನು ಕೇಳಿದರೆ ನೋಡಿ ಹೇಳುತ್ತಾರೆ.

ಹಿಂದಿನ ರಾತ್ರಿಯೇ ಹತ್ತಿರದ ಊರಿನಲ್ಲಿ ಉಳಿದುಕೊಂಡು ಬೆಳಿಗ್ಗೆ ಏಳಕ್ಕೆಲ್ಲ ಥಾ ಖಾದ ಕಾಲುವೆ ದಂಡೆಯಲ್ಲಿದ್ದೆವು. ಎಂಜಿನ್ ಸದ್ದಿಲ್ಲ. ದೋಣಿಗೆ ದೋಣಿ ಮೆಲ್ಲಗೆ ತಾಗುವ ಸದ್ದು, ಹುಟ್ಟಿನಿಂದ ನೀರು ತೊಟ್ಟಿಕ್ಕುವ ಸದ್ದು, ಹೆಂಗಸರ ಮಾತು. ಎಲ್ಲರ ತಲೆಯ ಮೇಲೂ ‘ಙೊಪ್’ ಎನ್ನುವ ಅಗಲದ ಟೋಪಿ. ಶ್ರೀತಾಳೆಯ ಗರಿಯಿಂದ ಹೊಲಿದದ್ದು. ಒಬ್ಬರು ತಮ್ಮದನ್ನು ತೆಗೆದು ತಿರುಗಿಸಿ ತೋರಿಸಿದರು. ಒಳಗೆ ಬಿದಿರಿನ ಸಣ್ಣ ಸಿಂಬಿ ಇದೆ, ತಲೆಗೆ ತಾಗುವುದು ಅದು ಮಾತ್ರ. ಟೋಪಿ ಅದರ ಮೇಲೆ ಬೇರೆಯೇ ನಿಂತಿರುತ್ತದೆ, ನಡುವೆ ಗಾಳಿ ಆಡುತ್ತದೆ. ದಿನವಿಡೀ ಬಿಸಿಲಲ್ಲಿ ಕೂತು ಕೆಲಸ ಮಾಡುವವರ ಬುದ್ಧಿಗೆ ಮಾತ್ರ ಹೊಳೆಯುವ ಉಪಾಯ.

ದಂಡೆಗೆ ತಾಗಿ ನಿಂತಿದ್ದ ಒಂದು ದೋಣಿಯ ಮುಂದೆ ಅಕ್ಕ ನಿಂತುಬಿಟ್ಟಳು. ‘ಲೇ, ಇಲ್ನೋಡೇ, ಪಡ್ಡಿನ ಹಂಚು ಕಣೇ!’ ಹೌದು, ಪಡ್ಡಿನ ಹಂಚೇ. ದುಂಡಗಿನ ದಪ್ಪ ಹಂಚು, ಅದರಲ್ಲಿ ಸಾಲಾಗಿ ಗುಳಿಗಳು, ಕೆಳಗೆ ಇದ್ದಿಲ ಕೆಂಡ. ಅಲ್ಲಿ ಆ ತಿಂಡಿಯ ಹೆಸರು ಖನೊಮ್ ಖ್ರೊಕ್. ದೋಣಿಯಲ್ಲಿದ್ದ ಅಜ್ಜಿ ಗುಳಿಗೆ ಮೊದಲು ಅಕ್ಕಿ ಹಿಟ್ಟಿನ ತೆಳು ಸಂಪಣ ಹೊಯ್ದರು, ಚುಂಯ್ ಅಂದಿತು. ಅಂಚು ಗಟ್ಟಿಯಾಗುತ್ತಿದ್ದಂತೆ ಅದರ ಮೇಲೆ ಸಕ್ಕರೆ, ಉಪ್ಪು ಬೆರೆಸಿದ ಗಟ್ಟಿ ತೆಂಗಿನಹಾಲು. ಕೆಲವಕ್ಕೆ ಹೆಚ್ಚಿದ ಈರುಳ್ಳಿ ಸೊಪ್ಪು, ಕೆಲವಕ್ಕೆ ಮುಸುಕಿನ ಜೋಳದ ಕಾಳು. ಮೇಲೊಂದು ಮುಚ್ಚಳ. ಎರಡು ನಿಮಿಷಕ್ಕೆ ತೆಗೆದು, ಚಮಚದಿಂದ ಸುತ್ತ ಕೆರೆದು ಎಬ್ಬಿಸಿ, ಎರಡೆರಡನ್ನು ಒಂದರ ಬಾಯಿಗೊಂದು ಕೂಡಿಸಿ ಬಾಳೆ ಎಲೆಯ ದೊನ್ನೆಗೆ ಹಾಕಿದರು. ನಾವು ಪಡ್ಡನ್ನು ಮಗುಚಿ ಎರಡೂ ಕಡೆ ಬೇಯಿಸುತ್ತೇವೆ, ಅವರು ಮಗುಚುವುದಿಲ್ಲ. ಹಾಗಾಗಿ ತಳ ಗರಿಗರಿ, ನಡುವೆ ಇನ್ನೂ ಕೆನೆಯಂತೆ ಅಲುಗುವ ತೆಂಗಿನಹಾಲು. ಅಕ್ಕ ಒಂದು ದೊನ್ನೆ ಮುಗಿಸಿ ಇನ್ನೊಂದಕ್ಕೆ ಕೈ ಚಾಚಿದಳು. ಅಜ್ಜಿಗೆ ಕನ್ನಡ ಬಾರದು, ಅಕ್ಕನಿಗೆ ಥಾಯ್ ಬಾರದು. ಹಂಚಿನ ಗುಳಿ ತೋರಿಸಿ, ‘ನಮ್ಮನೇಲೂ ಇದೆ ಅಜ್ಜೀ’ ಎಂದು ಅಕ್ಕ ಎದೆ ಮುಟ್ಟಿಕೊಂಡು ಹೇಳಿದ್ದು ಅವರಿಗೆ ಹೇಗೋ ತಿಳಿಯಿತು. ನಗುತ್ತಾ ಎರಡು ಹೆಚ್ಚಿಗೆ ಹಾಕಿದರು.

ಸಸ್ಯಾಹಾರಿಗಳು ಇಲ್ಲಿ ಏನು ತಿನ್ನಬೇಕು ಎಂಬುದೂ ಓದುಗರು ಬಿಡದೆ ಕೇಳುವ ಮಾತು. ಸೊಪ್ಪು, ತರಕಾರಿ ಕಂಡಿತೆಂದು ನಂಬಬೇಡಿ. ಹುರಿದ ತರಕಾರಿಗೂ ‘ನಾಮ್ ಪ್ಲಾ’ ಎಂಬ ಮೀನಿನ ರಸ ಬಿದ್ದಿರುತ್ತದೆ. ದೋಣಿ ನೂಡಲ್ಸ್‌ನ ಕಪ್ಪು ಸಾರಿಗೆ ಹಂದಿಯ ಅಥವಾ ದನದ ರಕ್ತ ಸೇರಿಸುವುದು ಹಳೆಯ ಪದ್ಧತಿ. ತಿನ್ನುವವರಿಗೆ ಅದು ಬಲು ರುಚಿ, ತಿನ್ನದವರು ಮೊದಲೇ ತಿಳಿದಿರಬೇಕು. ನೆನಪಿಡಬೇಕಾದ ಮಾತು ‘ಜೇ’. ಹಳದಿ ಬಾವುಟದ ಮೇಲೆ ಕೆಂಪಕ್ಷರದಲ್ಲಿ ಇದನ್ನು ಬರೆದಿರುವ ಅಂಗಡಿಯಲ್ಲಿ ಮಾಂಸ, ಮೀನು, ಮೊಟ್ಟೆ, ಹಾಲು ಯಾವುದೂ ಇರದು, ಈರುಳ್ಳಿ, ಬೆಳ್ಳುಳ್ಳಿಯೂ ಇರದು. ಸಾಮಾನ್ಯ ಸಸ್ಯಾಹಾರಕ್ಕೆ ಅವರು ಹೇಳುವುದು ‘ಮಂಗ್ಸವಿರತ್’. ನಿಧಾನವಾಗಿ ಹೇಳಿಕೊಂಡು ನೋಡಿ, ಅದು ನಮ್ಮ ‘ಮಾಂಸವಿರತಿ’. ಇನ್ನು ಮಾವಿನಹಣ್ಣಿನ ಜೊತೆ ಕೊಡುವ ಅಂಟಕ್ಕಿಯ ಸಿಹಿ ಅನ್ನ, ಎಳನೀರು, ಸುಟ್ಟ ಬಾಳೆಹಣ್ಣು, ಖನೊಮ್ ಖ್ರೊಕ್ ಇಷ್ಟಿದ್ದರೆ ಒಂದು ಬೆಳಗಿನ ಹೊಟ್ಟೆ ತುಂಬುತ್ತದೆ.

ಹಣ್ಣಿನ ವಿಷಯಕ್ಕೆ ಬಂದರೆ, ಹಣ್ಣಿನ ದೋಣಿಯಲ್ಲೇ ಕೊಳ್ಳಿ. ಸಮುತ್ ಸೊಂಗ್‌ಖ್ರಾಮ್‌ನ ಚಕ್ಕೋತ ಹೆಸರುವಾಸಿ. ನಮ್ಮ ದೇವನಹಳ್ಳಿಯ ಚಕ್ಕೋತ ಬೆಳೆಯುತ್ತಿದ್ದ ತೋಟಗಳು ಸೈಟುಗಳಾಗುತ್ತಿರುವುದನ್ನು ಕಣ್ಣಾರೆ ಕಂಡವಳು ನಾನು. ಅಲ್ಲಿ ತೊಳೆ ತೊಳೆ ಬಿಡಿಸಿಟ್ಟ ಆ ಹಣ್ಣನ್ನು ತಿನ್ನುವಾಗ ಗಂಟಲು ಕಟ್ಟಿತು. ಪನ್ನೇರಳೆಯನ್ನು ಅವರು ‘ಚೊಂಫು’ ಎನ್ನುತ್ತಾರೆ, ನಮ್ಮ ಜಂಬುವೇ.

ಥಾ ಖಾದಲ್ಲಿ ಹುಟ್ಟು ಹಾಕುವ ದೋಣಿ ಸಿಗುತ್ತದೆ, ಅದನ್ನೇ ಹತ್ತಿ. ನಾವು ಕೊಟ್ಟ ಬಾಡಿಗೆ ಮೊದಲ ಸಲ ಕೇಳಿದ್ದರ ಹತ್ತನೇ ಒಂದು ಪಾಲೂ ಇರಲಿಲ್ಲ. ದೋಣಿ ನಡೆಸಿದಾಕೆ ತೋಟಗಳ ನಡುವಿನ ಸಣ್ಣ ಕಾಲುವೆಗಳಲ್ಲಿ ತೂರಿ ತೆಂಗಿನ ಬೆಲ್ಲ ಮಾಡುವ ಮನೆಗೆ ಕರೆದೊಯ್ದರು. ಮಂಡ್ಯದ ಆಲೆಮನೆ ಕಂಡವರಿಗೆ ಅಲ್ಲಿ ಹೊಸತು ಅನ್ನಿಸುವುದೇ ಇಲ್ಲ. ಒಂದೇ ಉದ್ದ ಒಲೆ, ಮೇಲೆ ಸಾಲಾಗಿ ಬಾಣಲೆಗಳು. ಬೆಳಿಗ್ಗೆ, ಸಂಜೆ ತೆಂಗಿನ ಹೊಂಬಾಳೆಯಿಂದ ಇಳಿಸಿದ ರಸವನ್ನು ಅದರಲ್ಲಿ ಕುದಿಸುತ್ತಾರೆ. ನೊರೆ ಉಕ್ಕಿ ಚೆಲ್ಲದಂತೆ ಬಾಣಲೆಯ ಮೇಲೆ ಬಿದಿರಿನ ತಳವಿಲ್ಲದ ಬುಟ್ಟಿ ಕೂರಿಸುತ್ತಾರೆ. ನೊರೆ ಅದರೊಳಗೇ ಏರಿ ಅದರೊಳಗೇ ಕುಸಿಯುತ್ತದೆ. ರಸ ಹುಳಿಯಾಗದಿರಲಿ ಎಂದು ನಮ್ಮಲ್ಲಿ ನೀರಾ ಇಳಿಸುವ ಮಡಕೆಗೆ ಸುಣ್ಣ ಸವರಿದರೆ, ಅಲ್ಲಿ ಫಯೊಮ್ ಎಂಬ ಮರದ ಚಕ್ಕೆ ಹಾಕುತ್ತಾರೆ. ನಮ್ಮ ಜಾಲಾರಿ ಮರವೇ ಅದು. ಪಾಕ ಬಂದ ಮೇಲೆ ಇಳಿಸಿ, ಬಣ್ಣ ತಿಳಿಯಾಗುವವರೆಗೆ ಕಡೆದು, ಪುಟ್ಟ ಬಟ್ಟಲುಗಳಿಗೆ ಹೊಯ್ಯುತ್ತಾರೆ. ಬೆಚ್ಚಗಿರುವಾಗಲೇ ಒಂದು ಚೂರು ಬಾಯಿಗಿಟ್ಟರೆ ಸಿಹಿಯ ಹಿಂದೆ ಸಣ್ಣಗೆ ಉಪ್ಪುಪ್ಪು. ಇದನ್ನು ಒಂದು ಕಿಲೋ ಕಟ್ಟಿಸಿಕೊಂಡು ಬನ್ನಿ. ಮರದ ಆನೆಯನ್ನು ಎಲ್ಲಾದರೂ ಕೊಳ್ಳಬಹುದು.

ಅಂಫವಾದ ಬಗ್ಗೆಯೂ ಕೇಳುತ್ತಾರೆ. ಅದು ವಾರಾಂತ್ಯದ ಸಂಜೆ ಮಾರುಕಟ್ಟೆ, ಬ್ಯಾಂಕಾಕಿನವರೇ ಹೆಚ್ಚಾಗಿ ಬರುವುದು. ಕಾಲುವೆಯ ಎರಡೂ ಬದಿಗೆ ಹಳೆಯ ಮರದ ಮನೆಗಳು, ನೋಡಲು ಚೆಂದ. ಕತ್ತಲಾದ ಮೇಲೆ ಲಂಫು ಮರಗಳಲ್ಲಿ ಮಿನುಗುವ ಮಿಂಚುಹುಳ ತೋರಿಸಲು ದೋಣಿಗಳು ಹೊರಡುತ್ತವೆ. ನಾನು ಹತ್ತಲಿಲ್ಲ. ರಾತ್ರಿಯೆಲ್ಲ ಎಂಜಿನ್ ಸದ್ದು ತಾಳಲಾರದೆ ಅಲ್ಲಿನ ಕೆಲವರು ತಮ್ಮ ದಡದ ಲಂಫು ಮರಗಳನ್ನೇ ಕಡಿದ ಸುದ್ದಿ ಓದಿದ್ದೆ. ಹೋಗಲೇಬೇಕೆಂದರೆ ಹುಟ್ಟಿನ ದೋಣಿ ಸಿಗುತ್ತದಾ ವಿಚಾರಿಸಿ. ಹಾಗೆಯೇ ದಮ್ನೊನ್ ಸದುವಕ್‌ನಲ್ಲಿ ಯಾರಾದರೂ ಕಾಡುಪಾಪದಂಥ ದೊಡ್ಡ ಕಣ್ಣಿನ ಪ್ರಾಣಿಯನ್ನೋ ಹೆಬ್ಬಾವನ್ನೋ ಹಿಡಿದುಕೊಂಡು ಬಂದು ಫೋಟೊ ತೆಗೆಸಿಕೊಳ್ಳಿ ಎಂದರೆ ದಯವಿಟ್ಟು ಬೇಡ ಎನ್ನಿ. ಆ ದೊಡ್ಡ ಕಣ್ಣಿನದು ರಾತ್ರಿ ಓಡಾಡುವ ಪ್ರಾಣಿ. ಹಗಲಿನ ಬಿಸಿಲಲ್ಲಿ ಅದರ ಕಣ್ಣು ಅರಳಿರುವುದು ನಮ್ಮನ್ನು ಕಂಡ ಸಂತೋಷಕ್ಕಲ್ಲ. ಮಕ್ಕಳು ಹಟ ಮಾಡಿದರೂ ಇದೊಂದರಲ್ಲಿ ಮಣಿಯಬೇಡಿ.

ದಮ್ನೊನ್ ಸದುವಕ್‌ಗೇ ಹೋಗುವುದಾದರೂ ಬೇಸರಪಡುವಂಥದ್ದೇನಿಲ್ಲ. ಎಂಟು ಗಂಟೆಯ ಒಳಗೆ ಅಲ್ಲಿರಿ. ಬ್ಯಾಂಕಾಕಿನ ದಕ್ಷಿಣ ಬಸ್ ನಿಲ್ದಾಣದಿಂದ ಹೋಗುವ ವ್ಯಾನಿನವರಿಗೆ ‘ತಲಾತ್ ನಾಮ್’ ಎಂದರೆ ನೀರಿನ ಸಂತೆಗೇ ಬಿಡಿ ಎಂದರ್ಥ. ದಾರಿಯ ದೋಣಿಗಟ್ಟೆಯಲ್ಲಿ ಇಳಿಸಿದರೆ ಗಾಬರಿಯಾಗದೆ ಮುಂದಕ್ಕೆ ಹೋಗಿ, ಮಾರುಕಟ್ಟೆಯ ಎರಡೂ ದಡದಲ್ಲಿ ಕಾಲುದಾರಿ ಇದೆ, ದೋಣಿ ಹತ್ತದೆಯೂ ಎಲ್ಲ ನೋಡಬಹುದು. ಇಪ್ಪತ್ತು, ಐವತ್ತು ಬಾತಿನ ಚಿಲ್ಲರೆ ನೋಟು ಇಟ್ಟುಕೊಂಡಿರಿ. ಬಟ್ಟೆ, ಗೊಂಬೆಗೆ ಚೌಕಾಸಿ ಮಾಡಿ, ಹಣ್ಣು ತಿಂಡಿಗೆ ಬೇಡ.

ಥಾ ಖಾದಲ್ಲಿ ನಮಗೆ ಇನ್ನೂ ಒಂದು ಸುತ್ತು ಹಾಕುವ ಆಸೆಯಿತ್ತು. ಬೆಲ್ಲದ ಮನೆಯ ಕಟ್ಟೆಯ ಮೇಲೆ ಕೂತು ಅಕ್ಕ ಆ ಮನೆಯ ಸೊಸೆಗೆ ಮೊಬೈಲಿನಲ್ಲಿ ದಾವಣಗೆರೆಯ ಮನೆಯ ತೆಂಗಿನಮರ ತೋರಿಸುತ್ತಿದ್ದಳು. ದೋಣಿಯಾಕೆ ಕೆಳಗಿನಿಂದ ಕೂಗಿದರು, ‘ನಾಮ್ ಲೊಂಗ್! ನಾಮ್ ಲೊಂಗ್!’ ನೀರು ಇಳಿಯುತ್ತಿದೆ. ಬರುವಾಗ ನೀರಿನೊಳಗಿದ್ದ ಮೆಟ್ಟಿಲೊಂದು ಆಗಲೇ ಮೇಲೆ ಕಾಣುತ್ತಿತ್ತು, ಅದರ ಮೇಲೆ ಹಸಿ ಕೆಸರು, ಕೆಸರಲ್ಲಿ ಸಣ್ಣ ಏಡಿಯ ಗೆರೆ. ಬೆಲ್ಲದ ಪೊಟ್ಟಣ ಮಡಿಲಲ್ಲಿಟ್ಟುಕೊಂಡು ಬೇಗಬೇಗ ದೋಣಿ ಹತ್ತಿದೆವು. ಸಂತೆಯ ಜಾಗಕ್ಕೆ ಬಂದಾಗ ಅರ್ಧ ದೋಣಿಗಳು ಆಗಲೇ ಹೊರಟಿದ್ದವು. ಪಡ್ಡಿನ ಅಜ್ಜಿ ಕೆಂಡಕ್ಕೆ ನೀರು ಚಿಮುಕಿಸಿ, ಹಂಚನ್ನು ಗೋಣಿಯಲ್ಲಿ ಸುತ್ತಿಟ್ಟು, ಹುಟ್ಟು ಎತ್ತಿಕೊಂಡರು. ನಮ್ಮ ಕಡೆ ಕೈ ಮಾಡಿ, ಬೆರಳು ಮಡಚಿ ಐದು ಎಣಿಸಿ ತೋರಿಸಿದರು. ಇನ್ನೈದು ದಿನಕ್ಕೆ ಮತ್ತೆ ಸಂತೆ.